ಬಾರದವರ ಸಹಿ

"ಎರ್ರಮ್ಮ."

ಯಾರೂ ಓಗೊಡಲಿಲ್ಲ. ಮೇಷ್ಟ್ರಾದ ತಿಪ್ಪೇರುದ್ರಪ್ಪ ತಲೆ ಎತ್ತದೆ ಹೆಸರಿನ ಮುಂದೆ ಹಾಜರಿ ಗುರುತು ಹಾಕಿ ಮುಂದಿನ ಹೆಸರು ಕೂಗಿದ. ಅದಕ್ಕೂ ಉತ್ತರವಿಲ್ಲ, ಅದಕ್ಕೂ ಹಾಜರಿ. ಪುಸ್ತಕದಲ್ಲಿ ನಲವತ್ತೊಂದು ಮಕ್ಕಳು, ಚಾಪೆಯ ಮೇಲೆ ಇಪ್ಪತ್ತಾರು. ಉಳಿದವರು ಕಡಲೆಕಾಯಿ ಕೀಳುವ ಹೊಲಗಳಲ್ಲಿದ್ದರು. ಕಲ್ಯಾಣದುರ್ಗದ ಆ ಎಯ್ಡೆಡ್ ಕನ್ನಡ ಶಾಲೆಯಲ್ಲಿ ಇದು ಯಾರಿಗೂ ಸುಳ್ಳೆನಿಸುತ್ತಿರಲಿಲ್ಲ. ಶಾಲೆ ನಡೆಸುವ ಮ್ಯಾನೇಜರಿಗೆ ಸರ್ಕಾರ ಗ್ರಾಂಟು ಕೊಡುವುದು ತಲೆ ಎಣಿಸಿ. ತಲೆ ಕಡಿಮೆಯಾದರೆ ಗ್ರಾಂಟು ಕಡಿಮೆ, ಗ್ರಾಂಟು ಕಡಿಮೆಯಾದರೆ ಮೇಷ್ಟ್ರು ಮನೆಗೆ. ಇನ್‌ಸ್ಪೆಕ್ಟರ್ ಬರುವ ದಿನ ಪಕ್ಕದ ಬೀದಿಯ ಶಾಲೆಯಿಂದ ಮಕ್ಕಳನ್ನು ಎರವಲು ತರುವುದೂ, ಅವರ ಇನ್‌ಸ್ಪೆಕ್ಷನ್ನಿಗೆ ಇವರು ಮಕ್ಕಳನ್ನು ಕಳಿಸುವುದೂ ಹಳೆಯ ಪದ್ಧತಿ. ಸ್ವಾತಂತ್ರ್ಯ ಬಂದು ಒಂದು ವರ್ಷ ಕಳೆದಿದ್ದರೂ ಪದ್ಧತಿ ಮಾತ್ರ ಕದಲಿರಲಿಲ್ಲ.

ಶನಿವಾರವಾದ್ದರಿಂದ ಅರ್ಧ ದಿನದ ಶಾಲೆ. ಮಕ್ಕಳು ಹೊರಡುವ ಹೊತ್ತಿಗೆ ಜಯರಾಮಪ್ಪ ಬಂದರು. ಹಿಂದೂಪುರದ ನೇಕಾರರ ಮನೆಯವರು, ಅಲ್ಲೇ ಒಂದು ಶಾಲೆಯಲ್ಲಿ ಮೇಷ್ಟ್ರು, ಒಂಬತ್ತು ವರ್ಷದಿಂದ ಎಯ್ಡೆಡ್ ಮೇಷ್ಟ್ರುಗಳ ಸಂಘಕ್ಕೆ ಕಾರ್ಯದರ್ಶಿ. ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಬಂದಿದ್ದರಿಂದ ಅಂಗಿಯ ಕಾಲರು ಕಪ್ಪಾಗಿತ್ತು. ಕಂಕುಳಲ್ಲಿ ಸಂಘದ ಸಭೆಯ ಪುಸ್ತಕ.

"ನಾಳೆ ಹಿಂದೂಪುರದಾಗೆ ಸಭೆ ಐತೆ ಕಣಪ್ಪ. ಗ್ರಾಂಟಿನ ವಿಚಾರಣೆಗೆ ದೊಡ್ಡ ಆಫೀಸರ್ರು ಬಂದವ್ರೆ. ಸಂಬಳ ಪೂರ್ತಿ ಸರ್ಕಾರವೇ ಕೊಡಬೇಕು, ಮ್ಯಾನೇಜರ್ ಕೈಗಲ್ಲ, ನಮ್ಮ ಕೈಗೆ ಕೊಡಬೇಕು ಅಂತ ಅರ್ಜಿ. ನೀನು ಬರಲೇಬೇಕು."

"ಭಾನುವಾರ ಹೆಂಗೆ ಬರ್ಲಿ ಸಾರ್? ಮ್ಯಾನೇಜರ್ ಮಂಡಿಯಾಗೆ ಕಡ್ಲೆಕಾಯಿ ತೂಕ ಬರೀಬೇಕು. ಸಹಿ ಹಾಕ್ತೀನಿ, ತಕ್ಕೊಂಡೋಗಿ," ಎಂದ ತಿಪ್ಪೇರುದ್ರಪ್ಪ.

ಜಯರಾಮಪ್ಪ ಪುಸ್ತಕ ಬಿಚ್ಚಿದರು. 'ಸಭೆಗೆ ಹಾಜರಾದ ಸದಸ್ಯರು' ಎಂಬ ತಲೆಬರಹದ ಕೆಳಗೆ, ಇನ್ನೂ ನಡೆಯದ ಸಭೆಗೆ, ಆಗಲೇ ಸಾಲುಸಾಲು ಸಹಿ ಬಿದ್ದಿತ್ತು. ಅದೇ ಶಾಲೆಯ ಹಿರಿಯ ಮೇಷ್ಟ್ರಾದ ಲಿಂಗಣ್ಣನವರೂ ಹಾಕಿದರು, ತಿಪ್ಪೇರುದ್ರಪ್ಪನೂ ಹಾಕಿದ. ಅವನು ಆ ಸಂಘದ ಒಂದು ಸಭೆಯನ್ನೂ ಕಣ್ಣಾರೆ ಕಂಡವನಲ್ಲ.

ಸಂಜೆ ಮ್ಯಾನೇಜರ್ ಈರಲಿಂಗಪ್ಪನವರು ಅವನನ್ನು ಮಂಡಿಗೆ ಕರೆಸಿದರು. ಅವರೇನೂ ರಾಕ್ಷಸರಲ್ಲ. ಅವರ ತಂದೆ ಸ್ವಂತ ಜಾಗದಲ್ಲಿ ಶಾಲೆ ಕಟ್ಟಿಸಿದ್ದರು. ಆದರೆ ಶಾಲೆಯೂ ಮಂಡಿಯೂ ಒಂದೇ ಎಂದು ಅವರು ಎಂದೋ ತೀರ್ಮಾನ ಮಾಡಿಬಿಟ್ಟಿದ್ದರು.

"ಗ್ರಾಂಟು ಕಮ್ಮಿ ಮಾಡವ್ರೆ ಕಣಯ್ಯ. ಇಬ್ಬರು ಮೇಷ್ಟ್ರನ್ನ ಸಾಕಾಕೆ ನನ್ನ ಕೈಲಾಗಕ್ಕಿಲ್ಲ. ಲಿಂಗಣ್ಣ ಹಿರೀಕರು. ನೀನು ಸಂಕ್ರಾಂತಿ ತಂಕ ಇರು, ಆಮ್ಯಾಕೆ ಬ್ಯಾರೆ ಕಡೆ ನೋಡ್ಕೊ. ನಾಳೆ ತೂಕಕ್ಕೆ ಬೇಗ ಬಾ."

ಆ ಕೊನೆಯ ಮಾತು ತಿಪ್ಪೇರುದ್ರಪ್ಪನ ಮೈಗೆ ಬೆಂಕಿ ಹಚ್ಚಿತು. ಕೆಲಸ ಕಿತ್ತುಕೊಳ್ಳುವ ಬಾಯಲ್ಲೇ ನಾಳೆಯ ಬಿಟ್ಟಿ ಚಾಕರಿಗೂ ಕರೆಯುತ್ತಾರಲ್ಲ ಎಂದು ಹಲ್ಲು ಕಡಿದ. ಭಾನುವಾರ ಬೆಳಗ್ಗೆ ಮಂಡಿಯ ಕಡೆ ಮುಖ ಹಾಕದೆ ಬಸ್ಸು ಹತ್ತಿದ. ಪೆನುಕೊಂಡದ ಕೋಟೆ ಕಾಣುವವರೆಗೂ ಆಫೀಸರರ ಮುಂದೆ ಆಡಬೇಕಾದ ಮಾತನ್ನೇ ಮನಸ್ಸಿನಲ್ಲಿ ಮಸೆಯುತ್ತಿದ್ದ. ಸಂಘದಲ್ಲಿ ಐವತ್ತೆಂಟು ಜನ. ಐವತ್ತೆಂಟು ಮೇಷ್ಟ್ರು ಒಂದೇ ಕಡೆ ಕೂತರೆ ಯಾವ ಸರ್ಕಾರ ತಾನೆ ಕಿವಿ ಮುಚ್ಚಿಕೊಂಡೀತು ಎಂದುಕೊಂಡ.

ನೇಕಾರರ ಛತ್ರದಲ್ಲಿ ಐವತ್ತೆಂಟು ಜನಕ್ಕೆ ಜಮಖಾನ ಹಾಸಿತ್ತು. ಅದರ ಮೇಲೆ ಜಯರಾಮಪ್ಪನೂ ಸೇರಿ ಐದು ಜನ. ಇವನು ಆರನೆಯವನು.

"ಉಳಿದೋರೆಲ್ಲಿ ಸಾರ್?"

"ಪುಸ್ತಕದಾಗವ್ರೆ," ಎಂದರು ಜಯರಾಮಪ್ಪ. "ಒಂಬತ್ತು ವರ್ಷದಿಂದ ಅಲ್ಲೇ ಅವ್ರೆ. ನೀನೂ ಅಲ್ಲೇ ಇದ್ದೆ ಕಣಯ್ಯ."

ಆಫೀಸರ್ ಬಂದರು. ತೆಲುಗಿನವರು, ಬಳ್ಳಾರಿಯಲ್ಲಿ ಕೆಲಸ ಮಾಡಿ ಕನ್ನಡವನ್ನೂ ಬಲ್ಲವರು. ಅರ್ಜಿ ಓದಿದರು, ಸಭೆಯ ಪುಸ್ತಕ ತಿರುವಿದರು, ಖಾಲಿ ಜಮಖಾನ ನೋಡಿದರು. ಪುಸ್ತಕವನ್ನು ಜಯರಾಮಪ್ಪನ ಕೈಗೆ ಹಿಂದಕ್ಕೆ ಕೊಟ್ಟು, "ಏದೀ, ಪಿಲವಂಡಿ. ಎಲ್ಲಿ, ಹಾಜರಿ ಕೂಗಿ, ಕೇಳೋಣ," ಎಂದರು.

ಜಯರಾಮಪ್ಪ ಕೂಗಬೇಕಾಯಿತು. ಬಂದಿದ್ದ ಆರು ಜನರ ಹೆಸರು ಬಿಟ್ಟರೆ ಇನ್ನಾವ ಹೆಸರಿಗೂ ಓಗೊಡುವವರಿರಲಿಲ್ಲ. ಇಪ್ಪತ್ತನೆಯ ಹೆಸರಿನ ಹೊತ್ತಿಗೆ ಅವರು ತಲೆ ಎತ್ತಿ ನೋಡಿದರು. ಆದರೂ ಆಫೀಸರ್ ಸಾಕು ಎನ್ನಲಿಲ್ಲ. ಐವತ್ತೆಂಟೂ ಮುಗಿದ ಮೇಲೆ ಪೆನ್ನಿಗೆ ಕ್ಯಾಪು ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು.

"ನಿಮ್ಮ ಸಭೆಗೇ ಬಾರದವರಿಗೆ ನೀವು ಹಾಜರಿ ಹಾಕುತ್ತೀರಿ. ಶಾಲೆಯಲ್ಲೂ ಹೀಗೇ ತಾನೇ? ಮ್ಯಾನೇಜರು ಕಳ್ಳರು ಅಂತ ಅರ್ಜಿಯಲ್ಲಿ ಬರೆದಿದ್ದೀರಿ. ಸಾರ್ವಜನಿಕರ ಹಣವನ್ನು ನಿಮ್ಮ ಕೈಗೆ ಯಾವ ನಂಬಿಕೆಯ ಮೇಲೆ ಕೊಡೋಣ?"

ತಿಪ್ಪೇರುದ್ರಪ್ಪ ಎದ್ದು ನಿಂತ. ದಾರಿಯುದ್ದಕ್ಕೂ ಮಸೆದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಹಾಕ್ತೀನಿ ಸಾರ್. ನಾನೂ ಸುಳ್ಳು ಹಾಜರಿ ಹಾಕ್ತೀನಿ. ಹೊಲದಾಗಿರೋ ಮಗೂನ ಇಲ್ಲ ಅಂತ ಬರೆದ್ರೆ, ನೀವು ಚಾಪೆ ಮ್ಯಾಲೆ ಕೂತಿರೋ ಮಕ್ಕಳ ಶಾಲೆ ಮುಚ್ತೀರಿ. ಹಂಗೆ ಕಾನೂನು ಮಾಡಿದೋರು ಯಾರು? ನಾವಾ?"

"ಕಾನೂನು ತಪ್ಪು ಅಂತ ಯಾವತ್ತಾದರೂ ಹೇಳಿದ್ದೀರಾ? ನಿಮ್ಮ ಪುಸ್ತಕ ನೋಡಿದರೆ ಎಲ್ಲ ಮಕ್ಕಳೂ ದಿನಾ ಬರುತ್ತಾರೆ. ಎಲ್ಲ ಸರಿ ಇರುವ ಕಡೆ ಸರ್ಕಾರ ಯಾಕೆ ಹೆಚ್ಚು ಕೊಡಬೇಕು?" ಆಫೀಸರ್ ಎದ್ದರು. "ಮುಂದಿನ ಭಾನುವಾರದವರೆಗೆ ಇಲ್ಲಿನ ಸರ್ಕಾರಿ ಬಂಗಲೆಯಲ್ಲಿರುತ್ತೇನೆ. ಆಮೇಲೆ ವರದಿ ಬರೆಯಬೇಕು. ನಿಜ ಇದ್ದರೆ ತನ್ನಿ."

ಕಲ್ಯಾಣದುರ್ಗಕ್ಕೆ ಮರಳುವಾಗ ತಿಪ್ಪೇರುದ್ರಪ್ಪ ಆ ಮನುಷ್ಯನನ್ನು ಬೈದುಕೊಂಡ, ಮ್ಯಾನೇಜರನ್ನು ಬೈದುಕೊಂಡ, ಬಾರದ ಐವತ್ತೆರಡು ಜನರನ್ನು ಹೆಸರು ಹಿಡಿದು ಬೈದುಕೊಂಡ. ಬೈಗುಳ ಮುಗಿದರೂ ಸಿಟ್ಟು ಇಳಿಯಲಿಲ್ಲ.

ಸೋಮವಾರ ಎರ್ರಮ್ಮನ ಹೆಸರು ಕೂಗಿದ. ಉತ್ತರವಿಲ್ಲ. ಕೆಂಪು ಶಾಯಿಯಲ್ಲಿ ಗೈರುಹಾಜರಿ ಹಾಕಿದ. ಆ ದಿನ ಹದಿನೈದು ಕೆಂಪು ಗುರುತು ಬಿದ್ದವು. ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಹೋದ. ತಾಯಿ ಪೋಲಮ್ಮ ಬಾಗಿಲಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಎರ್ರಮ್ಮ. ಮೇಷ್ಟ್ರನ್ನು ಕಂಡು ಹುಡುಗಿ ಒಳಗೆ ಓಡಿದಳು.

"ಮಗೂನ ಯಾಕೆ ಕಳಿಸ್ತಿಲ್ಲ ಕಣಮ್ಮ?"

ಪೋಲಮ್ಮ ಕೈ ನಿಲ್ಲಿಸಿ ಅವನನ್ನು ನೋಡಿದಳು. "ಉಗಾದಿಯಿಂದ ಬತ್ತಿಲ್ಲ ಅವಳು. ಇವತ್ತು ಕೇಳಾಕೆ ಬಂದ್ರಾ ಅಯ್ಯನೋರೆ? ಒಂದು ದಿನ ಯಾರಾನ ಬಂದು, ನಿನ್ನ ಮಗಳೆಲ್ಲಿ ಅಂದಿದ್ರೆ ಕಳಿಸ್ತಿದ್ದೆ. ಯಾರೂ ಕೇಳ್ಲಿಲ್ಲ. ಬ್ಯಾಡವಾಗಿರಬೇಕು ಅಂದ್ಕೊಂಡೆ."

ದಿನವೂ ಹಾಜರಿರುವ ಹುಡುಗಿಯನ್ನು ಯಾರು ಹುಡುಕಿಕೊಂಡು ಬರುತ್ತಾರೆ? ಪುಸ್ತಕದಲ್ಲಿ ಅವಳನ್ನು ಕೂರಿಸಿ ಶಾಲೆಯಿಂದ ಆಚೆ ಹಾಕಿದವನು ತಾನೇ. ಅಷ್ಟು ದಿನ ಮ್ಯಾನೇಜರ ಮೇಲೂ ಸರ್ಕಾರದ ಮೇಲೂ ಇದ್ದ ಸಿಟ್ಟೆಲ್ಲ ಮೊದಲ ಸಲ ತನ್ನ ಮೇಲೇ ತಿರುಗಿ ಬಿತ್ತು. ಇನ್ನು ಅವಳನ್ನು ಕಳಿಸು ಎಂದಷ್ಟೇ ಹೇಳಿ ಹೊರಟು ಬಂದ.

ಆ ವಾರ ಅವನು ಕಾರ್ಡು ಬರೆದ. ಬ್ರಹ್ಮಸಮುದ್ರದಿಂದ ಚಿಲಮತ್ತೂರಿನವರೆಗೆ ಸಂಘದ ಎಲ್ಲ ಸದಸ್ಯರಿಗೂ ಒಂದೇ ಒಕ್ಕಣೆ: 'ಈ ವಾರದ ನಿಜವಾದ ಹಾಜರಿ ತೆಗೆದುಕೊಂಡು ಭಾನುವಾರ ಹಿಂದೂಪುರಕ್ಕೆ ಬನ್ನಿ. ಸಹಿ ಕಳಿಸಬೇಡಿ, ನೀವು ಬನ್ನಿ.' ಜಯರಾಮಪ್ಪ ಹಿಂದೂಪುರದ ಕಡೆಯ ಹಳ್ಳಿಗಳನ್ನು ಸೈಕಲ್ಲಿನಲ್ಲಿ ಸುತ್ತಿದರು.

ಗುರುವಾರ ಈರಲಿಂಗಪ್ಪನವರು ಶಾಲೆಗೇ ಬಂದು ಪುಸ್ತಕದ ಕೆಂಪು ಗುರುತು ನೋಡಿದರು. "ಇದನ್ನ ಸರ್ಕಾರಕ್ಕೆ ತೋರಿಸ್ತೀಯಾ? ಇದ್ದ ಗ್ರಾಂಟೂ ಹೋಯ್ತದೆ. ಮೊದಲು ಹೋಗೋದು ನಿನ್ನ ಕೆಲಸ. ಸಂಕ್ರಾಂತಿ ತಂಕನೂ ಕಾಯಕ್ಕಿಲ್ಲ ನಾನು."

"ಸರಿ ಸಾಮಿ," ಎಂದ ತಿಪ್ಪೇರುದ್ರಪ್ಪ. "ಆದ್ರೂ ತೋರಿಸ್ತೀನಿ."

ಅವರು ಹೋದ ಮೇಲೆ ಲಿಂಗಣ್ಣನವರ ಹತ್ತಿರ ಹೋಗಿ ಕೂತ. ಅವನಿಗೆ ಅಕ್ಷರ ಕಲಿಸಿದವರು ಅವರು. ಈ ಕೆಲಸ ಕೊಡಿಸಿದವರೂ ಅವರೇ.

"ನೀವು ಬರಬೇಕು ಸಾರ್. ನೀವು ಬಂದ್ರೆ ಕಲ್ಯಾಣದುರ್ಗದೋರೆಲ್ಲ ಬತ್ತಾರೆ."

"ನನಗಿನ್ನು ಎರಡೇ ವರ್ಷ ಸರ್ವೀಸು ಕಣೋ. ಈ ವಯಸ್ಸಿನಾಗೆ ಈರಲಿಂಗಪ್ಪನ ಎದುರು ಹಾಕ್ಕೊಳ್ಳಾ? ನನ್ನ ಮನಸ್ಸು ನಿಮ್ಮ ಕಡೆನೇ ಐತೆ. ಸಹಿ ಹಾಕ್ಕೊಡ್ತೀನಿ, ತಕ್ಕೊಂಡೋಗು."

"ಸಹಿ ಬ್ಯಾಡ ಸಾರ್," ಎಂದ ತಿಪ್ಪೇರುದ್ರಪ್ಪ. ದನಿ ಅವನಿಗೇ ಗೊತ್ತಿಲ್ಲದಂತೆ ಏರಿತ್ತು. "ನಿಮ್ಮ ಸಹಿ ಒಂಬತ್ತು ವರ್ಷದಿಂದ ಐತೆ. ಅದೇ ನಮ್ಮನ್ನ ಹಾಳು ಮಾಡಿದ್ದು." ಗುರುಗಳ ಮುಂದೆ ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು.

ಭಾನುವಾರ ಬೆಳಗ್ಗೆ ಹೆಂಡತಿ ಹಂಪಮ್ಮ ರೊಟ್ಟಿ ಗಂಟು ಕಟ್ಟಿಕೊಟ್ಟಳು. "ಕೆಲಸ ಹೋದ್ರೆ ಹೋಗ್ಲಿ ಅಂತ ನಾನು ಹೇಳಾಕಿಲ್ಲ. ಮನೆ ನಡೆಸೋಳು ನಾನು, ನಂಗೆ ಗೊತ್ತು. ಆದ್ರೆ ಹೋಗಿ ಕೇಳಿ ಬನ್ನಿ. ಕೇಳ್ದೆ ಇದ್ದೇ ಇಷ್ಟು ದಿನ ಆಯ್ತಲ್ಲ," ಎಂದಳು.

ಛತ್ರದಲ್ಲಿ ಜಮಖಾನ ತುಂಬಿರಲಿಲ್ಲ. ಆದರೆ ಮೂವತ್ತೊಂದು ಜನ ಬಂದಿದ್ದರು. ಒಬ್ಬೊಬ್ಬರ ಕಂಕುಳಲ್ಲೂ ಬಟ್ಟೆಯಲ್ಲಿ ಸುತ್ತಿದ ಹಾಜರಿ ಪುಸ್ತಕ. ಆಫೀಸರ್ ಬರುವ ಮುಂಚೆ ತಿಪ್ಪೇರುದ್ರಪ್ಪ ಸಂಘದ ಹಳೆಯ ಪುಟಗಳನ್ನು ತಿರುವಿ, ತನ್ನ ಹನ್ನೆರಡು ಸಹಿಗಳ ಮೇಲೂ ಗೀಟು ಎಳೆದು, ಪಕ್ಕದಲ್ಲಿ 'ಬಂದಿರಲಿಲ್ಲ' ಎಂದು ಬರೆದ. ಪುಸ್ತಕ ಕೆಳಗಿಡುವಷ್ಟರಲ್ಲಿ ಇನ್ನೊಬ್ಬರು ಅದನ್ನು ಕೇಳಿ ಪಡೆದರು, ಆಮೇಲೆ ಮತ್ತೊಬ್ಬರು.

ಆಫೀಸರ್ ಬಂದವರು ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ, "ಕೂಗಿ," ಎಂದರು.

ಜಯರಾಮಪ್ಪ ಕೂಗತೊಡಗಿದರು. ಬಂದವರು ಶಾಲೆಯ ಮಕ್ಕಳ ಹಾಗೆ ಎದ್ದು ನಿಂತು ಓಗೊಟ್ಟರು. ಬಾರದವರ ಹೆಸರಿಗೆ ಕೆಂಪು ಗುರುತು ಬಿತ್ತು.

"ಲಿಂಗಣ್ಣ, ಕಲ್ಯಾಣದುರ್ಗ."

ಯಾರೂ ಏಳಲಿಲ್ಲ. ತಿಪ್ಪೇರುದ್ರಪ್ಪ ಬಾಗಿಲ ಕಡೆ ಒಮ್ಮೆ ನೋಡಿದ. ಹಿಂದೆ ಯಾರೋ, "ಹಿರೀಕರು, ಮನಸ್ಸು ನಮ್ ಕಡೆನೇ ಐತೆ, ಹಾಕ್ಬುಡಿ," ಎಂದು ಪಿಸುಗುಟ್ಟಿದರು. ಜಯರಾಮಪ್ಪನ ಕೈ ಅಭ್ಯಾಸಬಲದಿಂದ ಕಪ್ಪು ಶಾಯಿಯ ಪೆನ್ನಿನ ಕಡೆ ಹೋಗಿ, ನಡುವೆ ನಿಂತಿತು. ಅವರು ತಿಪ್ಪೇರುದ್ರಪ್ಪನ ಮುಖ ನೋಡಿದರು.

"ಬಂದಿಲ್ಲ," ಎಂದ ಅವನು. "ನಮ್ಮ ಗುರುಗಳು ಬಂದಿಲ್ಲ ಸಾರ್. ಹಂಗೇ ಬರ್ಕೊಳ್ಳಿ."

ಕೆಂಪು ಗುರುತು ಬಿತ್ತು. ಆಫೀಸರ್ ಆ ಗುರುತನ್ನೇ ನೋಡುತ್ತಿದ್ದರು. ಕೂಗಿ ಮುಗಿದ ಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತು, ತಿಪ್ಪೇರುದ್ರಪ್ಪನ ಕಡೆ ಕೈ ಚಾಚಿದರು. ಅವನು ಬಟ್ಟೆ ಬಿಚ್ಚಿ ಶಾಲೆಯ ಪುಸ್ತಕ ಕೊಟ್ಟ. ಸೋಮವಾರದ ಸಾಲಿನ ಮೇಲೆ ಅವರ ಬೆರಳು ಇಳಿಯಿತು.

"ನಲವತ್ತೊಂದರಲ್ಲಿ ಹದಿನೈದು ಗೈರು. ಯಾಕೆ ಮೇಷ್ಟ್ರೇ?"

"ಅದನ್ನ ಹೇಳಾಕೇ ಮೂವತ್ತೊಂದು ಜನ ಬಂದಿದ್ದೀವಿ ಸಾರ್. ಒಬ್ಬೊಬ್ಬರೂ ಹೇಳ್ತೀವಿ. ಬರ್ಕೊಳ್ಳಿ."

ಆಫೀಸರ್ ಜೇಬಿನಿಂದ ಪೆನ್ನು ತೆಗೆದು ಅದರ ಕ್ಯಾಪು ಬಿಚ್ಚಿದರು.