ಅಮೆರಿಕದ ಹಾವಿಗೆ ಹೆಡೆ

ನಾಗಪ್ಪನ ಹೆಡೆ ಕೊಯ್ಯಿ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ? ಅದೂ ಪಂಚಮಿಯ ದಿನ, ಅದೂ ಆಗಷ್ಟೇ ಹಾಲೆರೆದು ಬಂದವರ ಬಾಯಿಂದ!

ರುಕ್ಮಿಣಿಬಾಯಿ ವಿಜಯಪುರದ ಕಡೆಯವಳು. ಕುರ್ಲಾದ ಸದಾನಂದ ಶೆಟ್ಟರ ಕಾರ್ಖಾನೆಯಲ್ಲಿ ಕಸೂತಿ ಮಷೀನಿನ ಕೆಲಸ. ಪಕ್ಕದ ಮಷೀನು ಕಲಬುರಗಿಯ ದೌಲತಬಿಯದು. ಮುಂದಿನ ವರ್ಷ ಅಮೆರಿಕಕ್ಕೆ ಸ್ವಾತಂತ್ರ್ಯ ಬಂದು ಇನ್ನೂರೈವತ್ತು ವರ್ಷವಂತೆ. ಅಲ್ಲಿಯ ಹಬ್ಬಕ್ಕೆ ಹಳೆಯ ಕಾಲದ ಬಾವುಟಗಳು ಇಲ್ಲಿಂದ ಹಡಗು ಹತ್ತಬೇಕು. ಹದಿಮೂರು ನಕ್ಷತ್ರದ್ದು ಮುಗಿದ ಮೇಲೆ ಹಳದಿ ಬಟ್ಟೆಯ ಮೇಲೆ ಸುರುಳಿ ಸುತ್ತಿದ ಹಾವಿನದು ಬಂತು. ಇಂಗ್ಲಿಷರ ವಿರುದ್ಧ ಕೋವಿ ಹಿಡಿದವರು ಎತ್ತಿದ ಬಾವುಟ ಇದು, ಕೆಳಗೆ ‘ನನ್ನನ್ನು ತುಳಿಯಬೇಡ’ ಎಂದು ಬರೆದಿದೆ ಎಂದು ಶೆಟ್ಟರೇ ತಿಳಿಸಿ ಹೇಳಿದ್ದರು.

ಅಲ್ಲಿಂದ ಕಳಿಸಿದ್ದ ನಕ್ಷೆಯ ಹಾವಿಗೆ ಹೆಡೆ ಇರಲಿಲ್ಲ. ತುಳಿಯಬೇಡ ಎಂದು ಗದರಿಸುವ ಹಾವು ಹೆಡೆ ಎತ್ತದೆ ಇರುತ್ತದೆಯೇ? ಬರೆದವನು ಮರೆತಿದ್ದಾನೆ ಎಂದಳು ರುಕ್ಮಿಣಿಬಾಯಿ. ದೌಲತಬಿಯೂ ಹೌದೆಂದಳು. ಇಬ್ಬರೂ ಸೇರಿ ಅಗಲವಾದ ಹೆಡೆ ಕೂರಿಸಿ ಮೊದಲನೆಯದನ್ನು ಶೆಟ್ಟರಿಗೆ ತೋರಿಸಿದರು. ಅವರೂ ನಾಗನಿಗೆ ನಡೆದುಕೊಳ್ಳುವ ಕರಾವಳಿಯ ಮನುಷ್ಯ. “ಈಗ ಜೀವ ಬಂತು ನೋಡಿ” ಎಂದರು. ಗಂಟುಗಟ್ಟಲೆ ಬಾವುಟಗಳಲ್ಲಿ ಹಾವುಗಳು ಹೆಡೆ ಎತ್ತಿದವು. ಅಮೆರಿಕದ ಆ ಹಾವು ಬಾಲ ಅಲ್ಲಾಡಿಸಿ, ಸದ್ದು ಮಾಡಿ ಹೆದರಿಸುತ್ತದೆ ಎನ್ನುವುದು ಕುರ್ಲಾದಲ್ಲಿ ಯಾರಿಗೆ ಗೊತ್ತು?

ಪಂಚಮಿಯ ದಿನ ರುಕ್ಮಿಣಿಬಾಯಿ ಈಳಿಗೆ, ಕತ್ತರಿ ಮುಟ್ಟುವವಳಲ್ಲ. ರಜೆ ಸಿಗದ ಕಾರಣ, ಮಡಚುವ ಕೆಲಸವಷ್ಟೇ ಮಾಡುತ್ತೇನೆಂದು ಮೊದಲೇ ಹೇಳಿ ಬಂದಿದ್ದಳು. ಮಧ್ಯಾಹ್ನ ಶೆಟ್ಟರು ಸಾಂತಾಕ್ರೂಜಿನ ಗುಡಿಯಲ್ಲಿ ನಾಗನಿಗೆ ಹಾಲು, ಎಳನೀರು ಎರೆದು, ಹಣೆಯ ಮೇಲೆ ಅರಸಿನ ಪ್ರಸಾದದೊಂದಿಗೇ ಬಂದರು. ಬಂದವರೇ ಫೋನು ಮುಂದೆ ಹಿಡಿದರು. ಮಾಲು ತರಿಸಿಕೊಳ್ಳುವವರು ಫೋಟೋ ನೋಡಿ ಈ ಹಾವು ಬೇಡ ಎಂದಿದ್ದರು.

“ಎಂಥ ಮಾಡಿಟ್ಟಿದ್ದೀರಿ ಮಾರಾಯ್ತಿ! ಸಂಜೆ ಟೆಂಪೋ ಬರ್ತದೆ. ಎಲ್ಲದರ ಹೆಡೆ ಕೊಯ್ದು ತೆಗೀರಿ.” ದಾರ ಬಿಚ್ಚುವ ಬ್ಲೇಡನ್ನು ಮೇಜಿನ ಮೇಲೆ ಎಸೆದರು.

“ನಿಮಗ ತೋರಿಸೇ ಹಾಕೇವ್ರಿ ಶೆಟ್ರ,” ಎಂದಳು ರುಕ್ಮಿಣಿಬಾಯಿ. “ನಾಳೆ ನಸುಕಿನ್ಯಾಗ ಬಂದು ಬಿಚ್ಚತೇನಿ. ಇವತ್ತ ನಾಗಪ್ಪನ ಹೆಡಿ ಕೊಯ್ಯಂಗಿಲ್ಲ.”

“ನಾಗಪ್ಪ ಎಲ್ಲಿಂದ ಬಂದ? ಇದು ಅಮೆರಿಕದ ಹಾವು!”

“ಹೆಡಿ ಬರೂತನಕ ಅಮೆರಿಕಾದ್ದಿತ್ರಿ. ಈಗ ನಮ್ಮದು.”

ಶೆಟ್ಟರು ತಾವೇ ಬ್ಲೇಡು ಎತ್ತಿಕೊಂಡರು. ಒಂದು ಗಳಿಗೆ ಹಾವನ್ನು ನೋಡಿದರು. ಆಮೇಲೆ ಬ್ಲೇಡನ್ನು ದೌಲತಬಿಯ ಕಡೆ ಚಾಚಿದರು. “ನೀನು ಕೊಯ್ಯಿ. ನಿನಗೆಂಥ ಪಂಚಮಿ? ನಿನಗೆ ದೋಷ ತಾಗುದಿಲ್ಲ.”

ರುಕ್ಮಿಣಿಬಾಯಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಹಾವು ಸಾಯಬೇಕು, ಕೋಲು ಮಾತ್ರ ಬೇರೆಯವರ ಕೈಯಲ್ಲಿರಬೇಕು! ತಮ್ಮ ಕೈಗೆ ಹತ್ತಬಾರದ ಪಾಪ ದೌಲತಬಿಯ ಕೈಗೆ ಹತ್ತಿದರೆ ನಡೆಯುತ್ತದೆ. ಅವಳೇನು ಇವರ ಮನೆಯ ಕಸದ ಬುಟ್ಟಿಯೇ?

ದೌಲತಬಿ ಬ್ಲೇಡು ಮುಟ್ಟಲಿಲ್ಲ. “ನಂಗ ಪಂಚಮಿ ಇಲ್ಲ, ಖರೇ ಅದರಿ,” ಎಂದಳು. “ಕೆಲಸ ಅಂತ ಹೇಳಿದ್ರ ಬಿಚ್ಚತಿದ್ನಿ. ನೀವು ಪಾಪ ಹೊರಾಕ ಕರದ್ರಿ. ಮುಟ್ಟಂಗಿಲ್ಲ.”

“ಹಾಗಾದ್ರೆ ನಾಳೆಯಿಂದ ಇಬ್ಬರೂ ಬರುದು ಬೇಡ!” ಎಂದು ಕೂಗಿದ ಶೆಟ್ಟರು ಸ್ಟೂಲು ಎಳೆದು ತಾವೇ ಕುಳಿತರು. ಒಂದು ಬಾವುಟವನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು, “ತಪ್ಪಾಯ್ತು ದೇವರೇ, ಹೊಟ್ಟೆಪಾಡು” ಎಂದು ಗೊಣಗಿ, ಬ್ಲೇಡು ಹಾಕಿದರು. ಹೆಡೆಯ ದಾರ ಕಿತ್ತು ಬಂತು.

“ಯಾರಿಗೆ ತಪ್ಪಾಯ್ತು ಅಂದ್ರಿ ಶೆಟ್ರ?” ರುಕ್ಮಿಣಿಬಾಯಿ ಮೇಜು ಗುದ್ದಿದಳು. “ಅದು ದಾರ. ದೌಲತಬಿ ಇಲ್ಲಿ ನಿಂತಾಳ, ಈಕಿಗೆ ಹೇಳ್ರಿ!”

ಶೆಟ್ಟರು ಎರಡನೆಯ ಬಾವುಟವನ್ನು ಎಳೆದುಕೊಂಡು ಮತ್ತೆ ಕಣ್ಣಿಗೆ ಒತ್ತಿಕೊಂಡರು.