ತಿರುಗಿಸಿಟ್ಟ ಫ್ಯಾನು

ಸೌರಫಲಕದ ಕರೆಂಟನ್ನು ಮನೆಬಳಕೆಗೆ ಒಗ್ಗಿಸುವ ಇನ್ವರ್ಟರಿಗೆ ಕಂಪನಿ ಎರಡು ಮಾದರಿ ಮಾಡಿಸಿತ್ತು. ಒಂದು ಅವಳದು, ಇನ್ನೊಂದು ಅವಳ ಗಂಡನದು. ಎಸಿ ಕೆಟ್ಟು ಕೂತಿದ್ದ ಪ್ರಯೋಗದ ಕೋಣೆಯಲ್ಲಿ ಇಬ್ಬರ ಮೇಜೂ ಎದುರುಬದುರು. ಯಾವುದು ಕಡಿಮೆ ಕರೆಂಟು ಪೋಲು ಮಾಡುತ್ತದೋ ಅದು ಕಾರ್ಖಾನೆಗೆ. ಸೋತವರು ಕೆಳಮಹಡಿಯ ರಿಪೇರಿ ವಿಭಾಗಕ್ಕೆ.

“ಗಂಡ ಹೆಂಡಿರ ಜಗಳ ಉಂಡು ಮಲಗೋವರೆಗೆ ಅಂತಾರೆ. ನಿಮ್ಮದು ದಶಾಂಶದವರೆಗೆ!” ಎಂದು ಮ್ಯಾನೇಜರು ನಗುತ್ತಿದ್ದರು.

ಕೂದಲೆಳೆಯ ಅಂತರದಲ್ಲಿ ಅವಳದು ಗೆದ್ದಿತು. ತಾನು ಹೊಸ ಬಗೆಯಲ್ಲಿ ಸುತ್ತಿದ ತಂತಿಯ ಸುರುಳಿಯೇ ಇದಕ್ಕೆ ಕಾರಣವೆಂದು ಅವಳು ವರದಿ ಬರೆದಳು. ಗಂಡ ಮೇಜು ಖಾಲಿ ಮಾಡಿ, ತನ್ನ ಸ್ವಂತದ ಟೇಬಲ್ ಫ್ಯಾನನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ತಂದ.

ಕೊಳ್ಳುವವರು ನೋಡಲು ಬರುವ ಹಿಂದಿನ ದಿನ ಅವಳು ಮತ್ತೊಮ್ಮೆ ಅಳೆದಳು. ಪೋಲಾಗದೆ ಹೊರಬರುವ ಕರೆಂಟನ್ನು ತೋರಿಸುವ ಮೀಟರಿನ ಅಂಕಿ ಏರಿ ನಿಂತಿತು, ಆಮೇಲೆ ಮೆಲ್ಲಗೆ ಜಾರತೊಡಗಿತು. ತಂತಿ ಬಿಗಿ ಮಾಡಿದಳು. ಮೀಟರು ಬದಲಿಸಿದಳು. ಅಂಕಿ ಗಂಡನ ಮಾದರಿಯದಕ್ಕಿಂತಲೂ ಕೆಳಗಿಳಿಯಿತು. ಇನ್ವರ್ಟರಿನ ಮೈ ಮುಟ್ಟಿದರೆ ಬೆರಳು ಚುರ್ ಎಂದಿತು. ಬಿಸಿಯೇರಿದಷ್ಟೂ ಪೋಲು ಜಾಸ್ತಿ. ಈ ಕೆಲಸದ ಮೊದಲ ಪಾಠ ಅದು. ಹಾಗಾದರೆ ಇಷ್ಟು ದಿನ ಇದನ್ನು ತಣ್ಣಗಿಟ್ಟಿದ್ದು ಯಾವುದು?

ಎದುರಿನ ಮೇಜಿನ ಧೂಳಿನಲ್ಲಿ ಫ್ಯಾನು ಕೂತಿದ್ದ ಜಾಗ ದುಂಡಗೆ ಉಳಿದಿತ್ತು. ಬೆವರಿದರೆ ಅವಳಿಗೆ ತಲೆನೋವು. ಅದಕ್ಕೇ ಅವನು ದಿನಾ ಬಂದವನೇ ಫ್ಯಾನನ್ನು ಅವಳ ಕಡೆ ತಿರುಗಿಸಿಡುತ್ತಿದ್ದ. ಆ ಗಾಳಿ ಅವಳ ಇನ್ವರ್ಟರನ್ನು ಸವರಿಕೊಂಡೇ ಅವಳ ಮುಖಕ್ಕೆ ತಾಗುತ್ತಿತ್ತು. ಆಚೆ ಅವನ ಇನ್ವರ್ಟರು ಅವನ ಹಾಗೆಯೇ ಬೇಯುತ್ತಿತ್ತು.

“ಏನಮ್ಮಾ, ಮುಖ ಯಾಕೆ ಹಾಗಿದೆ? ಎಲ್ಲಾ ಸರಿ ತಾನೆ?” ಮ್ಯಾನೇಜರು ಬಾಗಿಲಲ್ಲಿ ಇಣುಕಿದರು.

ಒಂದು ಮಾತು ಸಾಕಿತ್ತು. ಅವನು ಮೇಲೆ ಬರುತ್ತಿದ್ದ, ಅವಳು ಕೆಳಗೆ ಹೋಗುತ್ತಿದ್ದಳು.

“ಸರಿ ಇದೆ ಸಾರ್. ಸೆಕೆ, ಅಷ್ಟೆ.”

ಸಂಜೆ ಮನೆಯಲ್ಲಿ ಅವನು ಬಟ್ಟೆ ಮಡಿಸುತ್ತಿದ್ದ.

“ರೀ, ನಾಳೆ ಈ ಫ್ಯಾನ್ ಆಫೀಸಿಗೆ ತಗೊಂಡು ಹೋಗ್ತೀನಿ.”

“ಯಾಕೆ? ಅವರು ಬರೋ ದಿನ ಅಲ್ವಾ ನಾಳೆ?”

“ಅದಕ್ಕೇ. ತುಂಬಾ ಸೆಕೆ ಅಲ್ಲಿ.”

ಅವನ ಕೈ ಅರ್ಧ ಮಡಿಸಿದ ಅಂಗಿಯ ಮೇಲೆ ನಿಂತಿತು. ಅವಳನ್ನೇ ನೋಡಿದ. ಮೊದಲ ಪಾಠ ಅವನಿಗೂ ಗೊತ್ತಿತ್ತು. ಅವಳು ಕಣ್ಣು ತಪ್ಪಿಸಿ ಹಾಸಿಗೆಯ ಅಂಚಿನ ಸುಕ್ಕು ಸವರಿದಳು.

ಅವನು ಎದ್ದು ಫ್ಯಾನಿನ ರೆಕ್ಕೆಯ ಧೂಳು ಒರೆಸಿದ. ವೈರು ಸುತ್ತಿದ. ಆಮೇಲೆ ಸ್ಕ್ರೂಡ್ರೈವರ್ ಹುಡುಕಿ ತಂದ.

“ಕತ್ತು ಸಡಿಲ ಆಗಿದೆ, ತಾನಾಗೇ ನನ್ನ ಕಡೆ ತಿರುಗಿಬಿಡ್ತಿತ್ತು. ಬಿಗಿ ಮಾಡಿ ಕೊಡ್ತೀನಿ ತಾಳು,” ಎಂದ. “ಈಗ ರಿಪೇರಿಯವನಲ್ವಾ ನಾನು!”