ಅಮಾಸಿಗೊಮ್ಮೆ ಎಣ್ಣೆ

ದೌಲಪ್ಪ ಸಾಹುಕಾರರ ಮೋಟಾರಿನ ಉಸಿರಿಗೆ ಗೂಟ ಬಡಿದವನು ನಾನೇ. ಅಪ್ಪನೊಬ್ಬನನ್ನು ಬಿಟ್ಟರೆ ಈ ಮೂರು ವರ್ಷ ಯಾರಿಗೂ ಇದನ್ನು ಹೇಳಿಲ್ಲ.

ನಿಜಾಮರ ಫಸಲಿ ಲೆಕ್ಕದ ಹದಿಮೂರುನೂರಾ ನಲವತ್ತೈದರ ಬೇಸಿಗೆ. ಕಲಬುರಗಿಯ ಸ್ಟೇಷನ್ ರಸ್ತೆಯಲ್ಲಿ ಸಲಾವುದ್ದೀನ್ ಉಸ್ತಾದರ ಕಾರಖಾನೆ ಸೇರಿ ನನಗೆ ಐದು ವರ್ಷವಾಗಿತ್ತು. ಸಾಹುಕಾರರ ಗಾಡಿಯನ್ನು ರಿಪೇರಿ ಮಾಡುವವನೂ ಓಡಿಸುವವನೂ ನಾನೇ. ಹೈದರಾಬಾದಿನ ಯಾವನೋ ನವಾಬ ಕೈಬಿಟ್ಟ ಹನ್ನೆರಡು ವರ್ಷದ ಮುದಿ ಗಾಡಿ ಅದು. ಇಂಜಿನ್ನಿನ ಹೊಟ್ಟೆಯಲ್ಲಿ ತುಂಬುವ ಎಣ್ಣೆಹೊಗೆ ಒಂದು ರಬ್ಬರಿನ ನಳಿಗೆಯಿಂದ ಕೆಳಗೆ, ನೆಲದ ಕಡೆ ಹೋಗಬೇಕು. ಅದೇ ಇಂಜಿನ್ನಿನ ಉಸಿರು. ನಮ್ಮ ಬಿಸಿಲಿಗೆ ಆ ರಬ್ಬರು ಹಪ್ಪಳವಾಗಿ, ಮುಟ್ಟಿದಲ್ಲೆಲ್ಲ ಮುರಿದು, ಹೊಗೆಯೆಲ್ಲ ಗಾಡಿಯೊಳಕ್ಕೆ ನುಗ್ಗುತ್ತಿತ್ತು.

ಒಂದು ದಿನ ಹಿಂದಿನ ಗಾದಿಯಲ್ಲಿ ಕುಳಿತಿದ್ದ ಸಾಹುಕಾರರ ತಾಯಿ ಶಿವಕಾಂತಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಗಾಡ್ಯಾಗ ಕುಂತ್ರ ಗಾಣದಾಗ ಕುಂತಂಗ ಆಗ್ತೈತಿ. ಆ ಹೊಗಿ ಬಾಯಿ ಮುಚ್ಚೋ."

"ಮುಚ್ಚಾಂಗಿಲ್ರೀ ಅವ್ವಾರ. ಅದು ಇಂಜಿನ್ ಉಸಿರ್ರೀ."

"ಮೊದಲ ನಿನ್ನ ಬಾಯಿ ಮುಚ್ಚು. ನಿನ್ನ ಮೈವಾಸನೀನ ಇರಬೇಕದು. ತೊಗಲಿನ ಮನೀ ವಾಸನಿ ಎಲ್ಲಿ ಹೋದೀತು."

ಅವರನ್ನು ಮನೆಗೆ ಬಿಟ್ಟು ಬಂದವನೇ ನಳಿಗೆಯ ಬುಡಕ್ಕೆ ಬೇವಿನ ಗೂಟ ಬಡಿದೆ. ಮುಚ್ಚಬೇಕಲ್ಲ, ಮುಚ್ಚಿದೆ. ಇಂಜಿನ್ನಿನ ಮೂಗು ಹಿಡಿದರೆ ಏನಾಗುತ್ತದೆ ಎಂದು ಗೊತ್ತಿದ್ದೇ ಬಡಿದೆ.

ಎರಡೇ ದಿನಕ್ಕೆ, ತಾಜಸುಲ್ತಾನಪುರದ ದಾರಿಯಲ್ಲಿ, ಒಳಗಿನ ಒತ್ತಡ ತಾಳದೆ ಸಂದುಸಂದಿನಿಂದ ಎಣ್ಣೆ ಸುರಿಯಿತು. ಉಸ್ತಾದರು ಸಾಮಾನು ತರಲು ಹೈದರಾಬಾದಿಗೆ ಹೋಗಿದ್ದರು. ಸಾಹುಕಾರರು ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ಹೇಳಿದರು: "ಶುಕ್ರವಾರ ಮುಂಜಾನಿ ಈ ಗಾಡಿ ಹೊಗಿ ಇಲ್ದ, ಎಣ್ಣಿ ಸೋರದ ನನ್ನ ಬಾಗಲಿಗೆ ಬರಬೇಕು. ಇಲ್ಲಂದ್ರ ಗಾಡಿ ಗುಜರಿಗೆ, ನೀ ನಿಮ್ಮಪ್ಪನ ತೊಗಲಿಗೆ. ನಿನ್ನ ಉಸ್ತಾದಗ ನಾ ಹೇಳ್ತೀನಿ."

ಗೂಟ ಕಿತ್ತೆ. ಇಂಜಿನ್ನಿಗೆ ಏನೂ ಆಗಿರಲಿಲ್ಲ; ಬಿರಿದ ಸಂದುಗಳಿಗೆ ಎಣ್ಣೆ ತಡೆಯುವ ಹೊಸ ದಪ್ಪ ಕಾಗದ ಕೂರಿಸಿ ಬಿಗಿದೆ. ಆದರೆ ನಳಿಗೆ? ಹೈದರಾಬಾದಿನಿಂದ ಬರುವುದು ಶನಿವಾರ. ಸೈಕಲ್ ಟ್ಯೂಬು ಹಾಕಿ ನೋಡಿದೆ, ಬಿಸಿ ಎಣ್ಣೆಗೆ ಸಂಜೆಯೊಳಗೆ ಅಂಟಾಗಿ ಇಳಿಯಿತು.

ಗುರುವಾರ ಬೆಳಿಗ್ಗೆ ಕಮಲಾಪುರದ ಬಂಡಿಗಳು ಕೆಂಪು ಬಾಳೆಗೊನೆ ಹೇರಿಕೊಂಡು ಕಾರಖಾನೆಯ ಮುಂದೆ ಹಾದವು. ಒಂದು ಬಂಡಿಯ ಎತ್ತುಗಳ ತೊಗಲಿನ ಕೊರಳಪಟ್ಟಿಗೆ ಹೊಸದಾಗಿ ಔಡಲೆಣ್ಣೆ ತಿಕ್ಕಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಹತ್ತು ವರ್ಷ ಹಿಂದಕ್ಕೆ ಬಿದ್ದೆ.

ನಮ್ಮದು ಮೊಟ ಹೊಲಿಯುವ ಮನೆ. ಮೊಟ ಎಂದರೆ ಬಾವಿಯಿಂದ ನೀರೆತ್ತುವ ತೊಗಲಿನ ದೊಡ್ಡ ಚೀಲ, ಅದರ ತುದಿಗೆ ಆನೆಯ ಸೊಂಡಿಲಿನಂಥ ನಳಿಗೆ. ಬೆಳಗಾದರೆ ಬಾಳೆತೋಟಗಳ ಬಾವಿಗಾಲಿಗಳೆಲ್ಲ ಕಿರುಗುಡುತ್ತಿದ್ದವು. ಎತ್ತು ಇಳಿಜಾರು ಇಳಿದಂತೆ ಮೊಟ ಮೇಲೆ ಬಂದು ಸೊಂಡಿಲು ಬಿಚ್ಚಿ ನೀರು ಸುರಿಯುತ್ತಿತ್ತು. ನನ್ನ ಅಪ್ಪ ಸಾಯಬಣ್ಣ ಕೌದಿಯೊಳಗೆ ಮಲಗಿಕೊಂಡೇ ಆ ಸದ್ದು ಕೇಳಿ, ಯಾರ ಮೊಟದ ಹೊಲಿಗೆ ಬಿಟ್ಟಿದೆ ಎಂದು ಹೇಳುತ್ತಿದ್ದ. ಮಧ್ಯಾಹ್ನದೊಳಗೆ ಆ ಮೊಟ ನಮ್ಮ ಅಂಗಳಕ್ಕೆ ಬರುತ್ತಿತ್ತು. ಅಪ್ಪ ಒಂದು ಕಡೆ, ನಾನು ಒಂದು ಕಡೆ ಕುಳಿತು, ಒಂದೇ ತೂತಿಗೆ ಎರಡು ಬದಿಯಿಂದ ದಾರ ಹಾಕಿ ಎಳೆಯುತ್ತಿದ್ದೆವು.

ನಾಲ್ಕನೇ ಜಮಾತಿನಲ್ಲಿ ಹುಡುಗರು ನಾನು ಒಳಗೆ ಕಾಲಿಟ್ಟರೆ ಮೂಗು ಮುಚ್ಚುತ್ತಿದ್ದರು. ಮಾಸ್ತರರು ಅವರನ್ನು ಗದರಲಿಲ್ಲ, ನನ್ನನ್ನು ಬಾಗಿಲಾಚೆ ಕೂರಿಸಿದರು. ಅವತ್ತೇ ಸಾಲಿ ಬಿಟ್ಟೆ. ಮಾಸ್ತರರ ಮೇಲಿನ ಸಿಟ್ಟನ್ನು ತಂದು ಅಪ್ಪನ ಮೇಲೆ ತೀರಿಸಿದೆ: ತೊಗಲು ಚುಚ್ಚುವ ಅವನ ಆರಿಯನ್ನು ಬಾವಿಗೆ ಎಸೆದು, ಇನ್ನು ನಾನು ತೊಗಲು ಮುಟ್ಟಿದರೆ ನಿನ್ನ ಮಗನಲ್ಲ ಅಂದೆ. ಅಪ್ಪ ಬಾವಿಯೊಳಗೆ ಒಮ್ಮೆ ಇಣುಕಿ ಮನೆಯ ಕಡೆ ನಡೆದ. ಅವನು ಹೊಡೆದಿದ್ದರೆ ಚೆನ್ನಾಗಿತ್ತು.

ಎಣ್ಣೆಗೆ ಕರಗದ ನಳಿಗೆ ಅಪ್ಪನ ಕೈಯಲ್ಲಿತ್ತು. ಆ ಗುರುವಾರವೇ, ಪರೀಕ್ಷೆಗೆ ಓಡಿಸುತ್ತೇನೆಂದು ಸಾಹುಕಾರರ ಮನೆಗೆ ಹೇಳಿ ಕಳಿಸಿ, ಹೊಗೆ ಕುಡಿಯುತ್ತ, ಕೆಮ್ಮುತ್ತ ಕಮಲಾಪುರ ಮುಟ್ಟಿದೆ. ಅಪ್ಪ ಕಟ್ಟೆಯ ಮೇಲೆ ಕೆರ ಹೊಲಿಯುತ್ತಿದ್ದ. ತಲೆ ಎತ್ತಲಿಲ್ಲ.

"ಯಾರ ಗಾಡಿ?"

"ದೌಲಪ್ಪ ಸಾಹುಕಾರ್ದು."

"ಹಂಗಾರ ದೂರ ನಿಂದ್ರಸು. ನನ್ನ ನೆರಳು ಬಿದ್ದೀತು."

ಅವ್ವ ಒಳಗಿನಿಂದ, "ಐದು ವರ್ಷಕ್ಕ ಬಂದಾನ, ನೀರಾದ್ರೂ ಕೇಳ್ರಿ ಮೊದಲ" ಅಂದಳು.

"ಅಂವಗ ನಮ್ಮ ನೀರು ನಡೀತೈತೇನು ಕೇಳು, ಭಾಗಮ್ಮ."

ನೀರು ಕುಡಿದು, ಮುರಿದ ರಬ್ಬರಿನ ಚೂರುಗಳನ್ನು ಅವನ ಮುಂದೆ ಸುರಿದೆ. ಒಂದನ್ನು ಮೂಸಿ, ಉಗುರಿನಿಂದ ಗೀರಿ, ಎದ್ದು ಗಾಡಿಯ ಹತ್ತಿರ ಬಂದ.

"ಎಷ್ಟು ಬಿಸಿ ಆಗ್ತೈತಿ?"

"ಕೈ ಇಟ್ರ ಹತ್ತು ಎಣಿಸಬಹುದು."

"ನಾ ಎಣಿಸ್ತೀನಿ. ನೀ ನಾಕನೇದಕ್ಕ ಸಾಲಿ ಬಿಟ್ಟಾಂವ." ಅಂಗೈ ಇಟ್ಟು ಎಂಟಕ್ಕೆ ತೆಗೆದ. ಆಮೇಲೆ ಬಗ್ಗಿ, ಬಾಯಿಯ ಅಂಚಿಗೆ ಅಂಟಿದ್ದ ಬೇವಿನ ಸಿಬಿರು ನೋಡಿ, "ಇದಕ ಯಾರು ಗೂಟ ಬಡದಾರ?" ಅಂದ.

"ನಾನ."

"ಯಾಕ?"

"ಸಿಟ್ಟಿಗೆ."

ಅಪ್ಪ ನಕ್ಕ. "ಆವಾಗ ಬಾವಿ, ಈಗ ಇಂಜಿನ್ನು. ನಿನ್ನ ಸಿಟ್ಟಿಗೆ ಯಾವಾಗಲೂ ಒಂದು ತೂತು ಬೇಕು ನೋಡು."

ಜಂತಿಗೆ ಸಿಕ್ಕಿಸಿದ್ದ ಹಳೆಯ ಮೊಟದ ಸೊಂಡಿಲನ್ನು ಇಳಿಸಿದ. ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾದ ತೊಗಲು, ಮಡಚಿದರೆ ಬಟ್ಟೆಯಂತೆ ಮಡಚುತ್ತಿತ್ತು. ಇಂಜಿನ್ನಿನ ಬಾಯಿಗೆ ದಾರ ಸುತ್ತಿ ಅಳತೆ ತಗೊಂಡು ರಂಪಿಗೆಯಿಂದ ಒಂದೇ ಎಳೆತಕ್ಕೆ ಕೊಯ್ದ. ಕೊಯ್ದ ತುಂಡನ್ನು ನನ್ನ ಮುಂದೆ ಇಟ್ಟ.

"ಹೊಲಿ" ಅಂದೆ.

"ಕಣ್ಣಿಗೆ ದಾರ ಕಾಣಾಂಗಿಲ್ಲ. ಕೆರ ಆದ್ರ ಕೈಲೆ ತಡವಿ ಹೊಲೀತೀನಿ. ಇದು ಗಾಳಿ ತಡಿಯೂ ಹೊಲಿಗಿ. ನಾ ಹಿಡೀತೀನಿ, ನೀ ಹೊಲಿ." ಆರಿಯನ್ನು ನನ್ನ ಕಡೆ ಚಾಚಿ ಹಾಗೇ ಹಿಡಿದುಕೊಂಡ. "ಮಗ ಆಗಬ್ಯಾಡ. ಮಿಸ್ತ್ರಿ ಅಂತ ತಿಳದು ಹೊಲಿ."

ತೊಗಲು ಮುಟ್ಟುವುದಿಲ್ಲ ಎಂದು ಆಣೆ ಮಾಡಿದವನು ನಾನು. ಮುಟ್ಟದಿದ್ದರೆ ನಾಳೆಯಿಂದ ಉಸ್ತಾದರ ಕಾರಖಾನೆಯ ಬಾಗಿಲು ನನಗಿಲ್ಲ. ಆರಿ ತಗೊಂಡೆ. ಹಿಡಿ ಬೇರೆಯಾಗಿತ್ತು.

"ಹಳೇ ಆರಿ?"

"ಬಾವ್ಯಾಗೈತಿ. ನಿನಗ ಗೊತ್ತಿರಬೇಕು."

ಮೊದಲ ನಾಲ್ಕು ಹೊಲಿಗೆ ಅಂಕುಡೊಂಕು. ಐದನೆಯದಕ್ಕೆ ಕೈಗೆ ತಾನಾಗಿಯೇ ನೆನಪು ಬಂತು. ಮುಗಿದಾಗ ಅಪ್ಪ ನಳಿಗೆಯ ಒಂದು ತುದಿಗೆ ಬೆರಳು ಕೊಟ್ಟು, ಇನ್ನೊಂದರಿಂದ ಊದಿ, ನನ್ನ ಕೆನ್ನೆಯನ್ನು ಹೊಲಿಗೆಯ ಹತ್ತಿರ ಎಳೆದುಕೊಂಡ. ಒಂದು ಕಡೆ ಸಣ್ಣ ಗಾಳಿ ತಾಗಿತು. ಚಿಕ್ಕವನಿದ್ದಾಗಲೂ ಹೀಗೇ ನನ್ನ ಕೆನ್ನೆಯಲ್ಲೇ ಪರೀಕ್ಷೆ ಮಾಡುತ್ತಿದ್ದ. ಮೂರು ಹೊಲಿಗೆ ಬಿಚ್ಚಿಸಿ ಮತ್ತೆ ಹಾಕಿಸಿದ. ಅವ್ವ ಔಡಲೆಣ್ಣೆ ಕಾಸಿ ತಂದಳು, ಅದರಲ್ಲಿ ನಳಿಗೆ ಮುಳುಗಿಸಿದೆವು.

"ಅಮಾಸಿಗೊಮ್ಮಿ ಇದಕ ಎಣ್ಣಿ ಕೊಡು. ಅವತ್ತ ಎತ್ತಿಗೂ ಸೂಟಿ, ಮೊಟಕ್ಕೂ ಸೂಟಿ. ನಿನ್ನ ಮೋಟಾರಿಗೂ ಇರ್ಲಿ."

ನಳಿಗೆ ಕೂರಿಸಿ ತಂತಿಯಿಂದ ಬಿಗಿದು ಇಂಜಿನ್ನು ಚಾಲೂ ಮಾಡಿದೆ. ಹೊಗೆ ತೆಳ್ಳಗೆ ನೆಲಕ್ಕೆ ಇಳಿಯಿತು.

"ಕೂಡು ಬಾ, ಒಂದು ಸುತ್ತು ಹೋಗೂನು."

"ಹಿಂದಿನ ಗಾದಿ ಮ್ಯಾಲ ಒಲ್ಲೆ. ಇಂಜಿನ್ ಬಾಜು ಕೂಡ್ತೀನಿ. ನನ್ನ ಸಾಮಾನು ಅಲ್ಲೈತಿ."

ಬಾಳೆತೋಟದವರೆಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ಅಪ್ಪ, ಕೌದಿಯೊಳಗಿಂದ ಬಾವಿಯ ಸದ್ದು ಕೇಳುತ್ತಿದ್ದ ಹಾಗೆ ಕತ್ತು ವಾಲಿಸಿ ಇಂಜಿನ್ನು ಕೇಳುತ್ತಿದ್ದ. ಇಳಿಯುವಾಗ, "ಹೊಲಿಗಿ ಬಿಟ್ಟಿಲ್ಲ" ಅಂದ, ಅಷ್ಟೇ.

ಶುಕ್ರವಾರ ಮುಂಜಾನೆ ಗಾಡಿ ಸಾಹುಕಾರರ ಬಾಗಿಲಲ್ಲಿ ನಿಂತಿತು. ಶಿವಕಾಂತಮ್ಮ ಹತ್ತಿ ಕುಳಿತು ಎರಡು ಸಲ ಉಸಿರೆಳೆದು ನೋಡಿದರು.

"ಈಗ ವಾಸನಿಲ್ಲ. ಹೈದ್ರಾಬಾದಿಂದ ತರಿಸಿದೇನು ನಳಿಗಿ?"

ಹೌದ್ರೀ ಅಂದಿದ್ದರೆ ಮುಗಿಯುತ್ತಿತ್ತು.

"ಇಲ್ರೀ ಅವ್ವಾರ. ಮೊಟದ ತೊಗಲಿಂದು. ನಮ್ಮಪ್ಪ ಕೊಯ್ದಾನ, ನಾ ಹೊಲದೀನಿ."

ಅವರು ಕಾಲನ್ನು ಸ್ವಲ್ಪ ಮೇಲೆ ಎಳೆದುಕೊಂಡರು. ಇಳಿಯಲಿಲ್ಲ. ಜೊತೆಗೆ ಹತ್ತಿದ್ದ ಸಾಹುಕಾರರು ಒಂದು ಗಳಿಗೆ ಇಂಜಿನ್ನಿನ ಕಡೆ ನೋಡಿ, "ಬಜಾರಕ್ಕ ನಡಿ" ಅಂದರು. ಗುಜರಿಯ ಮಾತು ಮತ್ತೆ ಬರಲಿಲ್ಲ.

ಶನಿವಾರ ಉಸ್ತಾದರು ಹೊಸ ರಬ್ಬರಿನ ನಳಿಗೆ ಹಿಡಿದು ಬಂದರು. ಬಗ್ಗಿ ಹೊಲಿಗೆಯ ಮೇಲೆ ಬೆರಳು ಓಡಿಸಿದರು.

"ಯೇ ಕಿಸ್ಕಾ ಹಾತ್ ಹೈ ರೇ? ಯಾರ ಕೈ ಇದು?"

"ಅಪ್ಪಂದ್ರೀ."

"ಬರೇ ಅಪ್ಪಂದಾ?"

"ನಂದೂರೀ."

ಅವರು ರಬ್ಬರನ್ನು ಗೋಡೆಯ ಮೊಳೆಗೆ ನೇತುಹಾಕಿದರು. "ಅದು ಹೋದ ದಿನ ಇದನ್ನ ಹಾಕು."

ಹೋದ ಬೇಸಿಗೆಯಲ್ಲಿ ಆ ರಬ್ಬರನ್ನು ಮೊಳೆಯಿಂದ ಇಳಿಸಿದೆ. ಒಂದು ದಿನವೂ ದುಡಿಯದೆ ನನ್ನ ಕೈಯಲ್ಲೇ ಮುರಿಯಿತು. ಈ ವರ್ಷ ಮಳೆ ಬೀಳುವ ಮೊದಲು ಅಪ್ಪ ತೀರಿಹೋದ. ಕಮಲಾಪುರದ ಒಂದು ತೋಟಕ್ಕೆ ನೀರೆತ್ತುವ ಇಂಜಿನ್ನು ಬಂದಿದೆಯಂತೆ, ಅಲ್ಲಿ ಗಾಲಿಯ ಸದ್ದಿಲ್ಲ. ತೊಗಲಿನ ನಳಿಗೆ ಇನ್ನೂ ಗಾಡಿಯಲ್ಲೇ ಇದೆ. ಅಮಾಸಿಗೊಮ್ಮೆ ಅದನ್ನು ಬಿಚ್ಚಿ, ಹೆಬ್ಬೆರಳಿನಿಂದ ಔಡಲೆಣ್ಣೆ ತಿಕ್ಕಿ, ಊದಿ, ಹೊಲಿಗೆಗೆ ಕೆನ್ನೆ ಕೊಡುತ್ತೇನೆ. ಆ ವಾಸನೆ ಸಂಜೆಯವರೆಗೂ ಕೈ ಬಿಡುವುದಿಲ್ಲ. ಚಾ ಅಂಗಡಿಯಲ್ಲಿ ಪಕ್ಕದವನು ಮೂಗು ಮುಚ್ಚಿದರೆ ಕೈ ತೊಳೆಯಲು ಏಳುವುದಿಲ್ಲ. ಬಟ್ಟಲನ್ನು ಆ ಕೈಯಿಂದಲೇ ಎತ್ತಿ, ನಿಧಾನಕ್ಕೆ ಕುಡಿಯುತ್ತೇನೆ.